ಕೆಂಪು ಗುರುತಿನ ಲೋಟ

ಅಳು ಬರಬೇಕಾದ ಹೊತ್ತಿನಲ್ಲಿ ನಾಗಶ್ರೀಗೆ ಸಿಟ್ಟು ನೆತ್ತಿಗೇರಿತ್ತು. ಅವ್ವ ಮಾಸ್ತಮ್ಮ ಸೊರಬದ ಈ ಬಾಡಿಗೆ ಮನೆಯಲ್ಲಿ ಬೆಳಿಗ್ಗೆ ಪ್ರಾಣ ಬಿಟ್ಟಿದ್ದಳು. ಹೊಟ್ಟೆಯ ಕ್ಯಾನ್ಸರ್. ಕೊನೆಯವರೆಗೂ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಿದ್ದ ಹೆಂಗಸು, "ಹೊಟ್ಟೆ ಕೆಟ್ಟೈತೆ, ಕಣ್ಣು ಕೆಟ್ಟಿಲ್ಲ. ಯಾರಿಗಾದ್ರೂ ಕೊಡ್ಸು," ಎಂದು ಮಗಳಿಂದ ಮಾತು ತೆಗೆದುಕೊಂಡಿದ್ದಳು. ನಾಗಶ್ರೀ ಶಿವಮೊಗ್ಗದ ನೇತ್ರ ಭಂಡಾರಕ್ಕೆ ಫೋನು ಮಾಡಿ, ಕಣ್ಣು ಒಣಗದಿರಲೆಂದು ಅವರು ಹೇಳಿದಂತೆ ಫ್ಯಾನು ಆರಿಸಿ, ಮುಚ್ಚಿದ ರೆಪ್ಪೆಗಳ ಮೇಲೆ ಒದ್ದೆ ಹತ್ತಿ ಇಟ್ಟು ಕೂತಿದ್ದಳು. ಆರು ಗಂಟೆಯೊಳಗೆ ಅವರು ಬರಬೇಕಿತ್ತು.

ಬಂದವನು ದೊಡ್ಡಪ್ಪ ಭೀಮಣ್ಣ. ತಮ್ಮೂರು ತಾಳಗುಂದಕ್ಕೆ ಹೆಣ ಒಯ್ಯಲು ಟೆಂಪೊ ತಂದಿದ್ದ. ಒಳಗೆ ಕಾಲಿಟ್ಟವನೇ ಫ್ಯಾನು ಹಾಕಿದ. ನಾಗಶ್ರೀ ಎದ್ದು ಆರಿಸಿದಳು.

"ಕ್ಯಾನ್ಸರ್ ತಿಂದ ಮೈ ಕಣವ್ವಾ ಅದು. ಆ ಕಣ್ಣು ಹಾಕಿಸ್ಕೊಂಡೋರಿಗೂ ರೋಗ ಅಂಟ್ತೈತೆ. ಆ ಪಾಪ ನಮ್ಮ ಮನಿತನಕ್ಕೆ ಬ್ಯಾಡ," ಎಂದ ಭೀಮಣ್ಣ.

"ಅದನ್ನ ಡಾಕ್ಟ್ರು ಬಂದು ಹೇಳ್ಲಿ."

"ಎಲ್ಲಿ ಬರ್ತಾರೆ? ನೀನು ಅವರಿಗೆ ನನ್ನ ನಂಬರೂ ಕೊಟ್ಟಿದ್ದಿಯಲ್ಲ, ಅವರು ಫೋನ್ ಮಾಡಿದಾಗ ನಾನೇ ಬ್ಯಾಡ ಅಂದೀನಿ."

ನಾಗಶ್ರೀಗೆ ಮೈಯೆಲ್ಲ ಉರಿದುಹೋಯಿತು. ಯಾರು ಈ ಮಾತು ಆಡುತ್ತಿರುವುದು! ಹರೆಯದಲ್ಲಿ ಶಿಕಾರಿಪುರದ ಕಡೆಯ ಹೋಟೆಲೊಂದರಲ್ಲಿ ತಮ್ಮ ಕೇರಿಯವರಿಗೆಂದು ಸೂರಿನ ಸಂದಿಯಲ್ಲಿ ಇಟ್ಟಿದ್ದ ಬೇರೆ ಲೋಟವನ್ನು ರಸ್ತೆಗೆ ಎಸೆದು, ಏಟು ತಿಂದು, ಒಳಗೇ ಕೂತು ಚಹಾ ಕುಡಿದ ಗಂಡಸು ಇವನೇ. ಪ್ರತಿ ಜಯಂತಿಗೂ ವೇದಿಕೆ ಹತ್ತಿ ಆ ಕತೆ ಹೇಳುತ್ತಾನೆ. ಅದೇ ಭೀಮಣ್ಣ, ತಮ್ಮನ ವಿಧವೆಗೆ ಕ್ಯಾನ್ಸರ್ ಎಂದು ಗೊತ್ತಾದ ವಾರವೇ ಅವಳಿಗೆಂದೇ ಒಂದು ಸ್ಟೀಲ್ ಲೋಟಕ್ಕೆ ಕೆಂಪು ಉಗುರುಬಣ್ಣ ಬಳಿದು ಬಚ್ಚಲ ಗೋಡೆಯ ಮೇಲೆ ಇಡಿಸಿದ. ಅವ್ವ ಮಗಳ ಮನೆಗೆ ಬರುವಾಗ ಆ ಲೋಟವನ್ನೂ ಚೀಲದಲ್ಲಿ ಹಾಕಿಕೊಂಡು ಬಂದಳು, ಗುರುತು ಉಜ್ಜಲು ಬಿಡಲಿಲ್ಲ.

ನಾಗಶ್ರೀ ಮತ್ತೆ ಫೋನು ಹಚ್ಚಿದಳು. ನೇತ್ರ ಭಂಡಾರದವರ ಗಾಡಿ ಶಿಕಾರಿಪುರದಲ್ಲೇ ನಿಂತಿತ್ತು. "ಮಗಳು ನಾನು. ಮಾತು ಕೊಟ್ಟೋಳು ನಾನು. ಬನ್ನಿ," ಎಂದಳು. ಆಮೇಲೆ ಅವ್ವನ ತಲೆಯ ಹತ್ತಿರ ಚಕ್ಕಳಮಕ್ಕಳ ಹಾಕಿ ಕೂತಳು. ಟೆಂಪೊ ಹಾರ್ನ್ ಹೊಡೆದೇ ಹೊಡೆಯಿತು. ಅವಳು ಏಳಲಿಲ್ಲ.

ಡಾಕ್ಟರ್ ನಯನ ಹೊತ್ತು ಮೀರುವ ಮೊದಲೇ ಬಂದರು. ಭೀಮಣ್ಣ ಅಡ್ಡ ನಿಂತ.

"ರಕ್ತದ ಕ್ಯಾನ್ಸರ್ ಆಗಿದ್ರೆ, ಕಣ್ಣಿಗೇ ಕ್ಯಾನ್ಸರ್ ಬಂದಿದ್ರೆ ನಾವೇ ಬೇಡ ಅಂತಿದ್ವಿ ಯಜಮಾನ್ರೇ," ಎಂದರು ಡಾಕ್ಟರ್. "ಇವರದು ಹೊಟ್ಟೇದು. ನಾವು ತಗೊಳ್ಳೋದು ಕಣ್ಣಿನ ಮುಂದಿರೋ ಗಾಜಿನಂಥ ಪೊರೆ. ಅದರಲ್ಲಿ ರಕ್ತನಾಳನೇ ಇಲ್ಲ. ಆದ್ರೂ ರಕ್ತ ಪರೀಕ್ಷೆ ಮಾಡಿ, ಪೊರೆ ನೋಡಿ, ಆಮೇಲೇ ಹಾಕ್ತೀವಿ. ದಾರಿ ಬಿಡಿ."

ಭೀಮಣ್ಣ ದಾರಿ ಬಿಟ್ಟ.

ಕೆಲಸ ಬೇಗ ಮುಗಿಯಿತು. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲವೆಂದು ಪಕ್ಕದ ಮನೆಯ ಲೋಕಮ್ಮ ಚಹಾ ಕಾಸಿ ತಂದಳು. ನಾಗಶ್ರೀ ಎಲ್ಲರಿಗೂ ಬಗ್ಗಿಸಿ ಕೊಟ್ಟಳು. ದೊಡ್ಡಪ್ಪನಿಗೆ ಅವ್ವನ ಲೋಟದಲ್ಲಿ ಕೊಟ್ಟಳು.

ಭೀಮಣ್ಣ ಕೆಂಪು ಗುರುತು ನೋಡಿದ. ಕೈ ಅಲ್ಲೇ ನಿಂತಿತು.

"ಕುಡೀರಿ ದೊಡ್ಡಪ್ಪ," ಎಂದಳು ನಾಗಶ್ರೀ. "ಬ್ಯಾಡಾದ್ರೆ ರಸ್ತೆಗೆ ಎಸೀರಿ. ನಿಮಗೆ ಗೊತ್ತೈತಲ್ಲ, ಹೆಂಗೆ ಎಸೆಯೋದು ಅಂತ."

ಹೊರಗೆ ಟೆಂಪೊ ಹಾರ್ನ್ ಹೊಡೆಯಿತು. ಲೋಟದಲ್ಲಿ ಚಹಾ ಆರಿ ಕೆನೆಗಟ್ಟುವವರೆಗೂ ಭೀಮಣ್ಣ ತಲೆ ಎತ್ತಲಿಲ್ಲ.