ಅಕ್ಕನ ಬೋರ್‌ವೆಲ್ ನೀರಿನಲ್ಲೊಂದು ಎಳೆ

ನೀಲಿ, ಕೂದಲಿಗಿಂತ ತೆಳು, ತುದಿ ಕೊಕ್ಕೆಯಂತೆ ಬಾಗಿದೆ — ರೆಪ್ಪೆ ಬಡಿದರೂ ಹೋಗುವುದಿಲ್ಲ, ಹಾಗಾದರೆ ನನ್ನ ಕಣ್ಣಿನದಲ್ಲ, ಮೈಕ್ರೋಸ್ಕೋಪಿನ ಕೆಳಗಿನ ಸೋಸುಹಾಳೆಯ ಮೇಲೇ ಇದೆ, ಅಗೋ ಪಕ್ಕದಲ್ಲಿ ಇನ್ನೊಂದು, ಬೇರೆ ಯಾರ ಮನೆಯ ನೀರಾಗಿದ್ದರೂ ಪ್ಲಾಸ್ಟಿಕ್ ಎಳೆ ಎಂದು ಬರೆದು ಊಟಕ್ಕೆ ಏಳುತ್ತಿದ್ದೆ, ಇದು ಅಕ್ಕನ ಬೋರ್‌ವೆಲ್ಲಿನದು, ದಿನವಿಡೀ ಅವಳು ಕುಡಿಯುವುದು ಇದನ್ನೇ, ಕಿಡ್ನಿಯಲ್ಲಿ ಕಲ್ಲು, ನೀರು ಚೆನ್ನಾಗಿ ಕುಡೀರಮ್ಮ, ಅದೇ ಔಷಧಿ, ಎಂದು ಡಾಕ್ಟರು ಹೇಳಿದ್ದೇ ತಡ, ಅಕ್ಕ ಹೋದಲ್ಲೆಲ್ಲ ಬಗಲಲ್ಲಿ ನೀರು, ಕುಡಿದೂ ಕುಡಿದೂ ನಾನೇ ಒಂದು ಕೆರೆ ಆಗೋದ್ನಲ್ಲೇ ಎಂದು ನಗುತ್ತಾಳೆ — ಈ ಎಳೆ ಎಲ್ಲಿಂದ ಬಂತು, ಭಾವ ಮೋಟಾರು ಇಳಿಸಿದ್ದು ನೀಲಿ ನೈಲಾನ್ ಹಗ್ಗ ಕಟ್ಟಿ, ಅದು ಸವೆದಿರಬಹುದು, ಇಲ್ಲ, ರಸ್ತೆ ತುದಿಯ ಕಸದ ಗುಂಡಿ, ಅಲ್ಲಿ ಕೊಳೆಯದ ಚೀಲಗಳ ಮೇಲೆ ಬಿದ್ದ ಮಳೆ ಮಣ್ಣಿನೊಳಗೆ ಇಳಿದು ಇಳಿದು, ಇಲ್ಲ — ಅಯ್ಯೋ, ಕೋಟಿನೊಳಗೆ ನಾನು ಹಾಕಿಕೊಂಡಿರುವ ಸ್ವೆಟರೂ ನೀಲಿ. ಲ್ಯಾಬಿನ ಸರ್ ಬೆನ್ನ ಹಿಂದೆ ಬಂದು ನಿಂತಿದ್ದಾರೆ, ಹೋಲಿಸೋಕೆ ಅಂತ ಬರೀ ಶುದ್ಧ ನೀರು ಸೋಸಿಟ್ಟ ಹಾಳೆ ನೋಡಿದ್ಯೇನಮ್ಮ, ನೋಡಿದೆ ಸರ್, ಅದರಲ್ಲೂ ಒಂದಿದೆ, ಹಾಗಾದ್ರೆ ಯಾರ ಮೇಲೆ ತಪ್ಪು ಹೊರಿಸ್ತೀಯ, ಬೋರ್‌ವೆಲ್ ಮೇಲೋ ನಿನ್ನ ಸ್ವೆಟರ್ ಮೇಲೋ, ಅಕ್ಕನದರಲ್ಲಿ ಜಾಸ್ತಿ ಇದೆ ಸರ್, ಇದನ್ನ ಕುಡಿದ್ರೆ ಏನಾಗತ್ತೆ, ಅವರು ಕನ್ನಡಕ ತೆಗೆದು ಒರೆಸಿದರು, ಒರೆಸಿದ್ದನ್ನೇ ಒರೆಸಿದರು, ಗೊತ್ತಿಲ್ಲಮ್ಮ, ಯಾರಿಗೂ ಇನ್ನೂ ಸರಿಯಾಗಿ ಗೊತ್ತಿಲ್ಲ.

ಗೊತ್ತಿಲ್ಲ ಎನ್ನುವುದನ್ನು ಹೇಗೆ ಹೇಳುವುದು, ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ, ಅಂಗಡಿ ನೀರು ತರಿಸು ಎನ್ನಲೇ, ಅದು ಬರುವುದೂ ಪ್ಲಾಸ್ಟಿಕ್ ಬಾಟಲಿಯಲ್ಲಿ, ನಲ್ಲಿ ನೀರು ಎನ್ನಲೇ, ಆ ನೀರನ್ನು ನೋಡಿದವರಾರು, ಇಳಿಯುವ ಸ್ಟಾಪು ದಾಟಿಹೋಯಿತು, ನಡೆದು ಬಂದೆ, ಅಕ್ಕ ಬಾಗಿಲಲ್ಲೇ ಹಿಡಿದಳು, ಏನಾಯ್ತೇ ನನ್ನ ನೀರಿಂದು, ಪಾಸೋ ಫೇಲೋ, ಅಕ್ಕಾ ಅದರಲ್ಲಿ ಪ್ಲಾಸ್ಟಿಕ್ ಇದ್ದ ಹಾಗಿದೆ, ಇದ್ದ ಹಾಗಿದೆ ಅಂದ್ರೇನೇ, ಇದೆಯೋ ಇಲ್ವೋ, ಇದೆ, ಆದ್ರೆ ನಿನ್ನ ನೀರಿಂದೋ ನನ್ನ ಬಟ್ಟೆದೋ ತಿಳೀತಿಲ್ಲ, ಇನ್ನೊಂದ್ಸಲ ನೋಡ್ಬೇಕು, ಸರಿ ನೋಡು, ಅಲ್ಲೀವರೆಗೆ ಕುಡೀಲೋ ಬೇಡ್ವೋ, ಅಷ್ಟು ಹೇಳು, ನೀನು ಬೇಡ ಅಂದ್ರೆ ಮುಟ್ಟಲ್ಲ — ಮುಟ್ಟುವುದಿಲ್ಲ, ನಿಜ, ಹಟಮಾರಿ, ಆಮೇಲೆ ಕಲ್ಲು ಬೆಳೆಯುತ್ತದೆ, ಆ ನೋವು, ಬಚ್ಚಲ ನೆಲದ ಮೇಲೆ ಮುದುಡಿ ಅಮ್ಮಾ ಅಮ್ಮಾ ಎಂದು ಸತ್ತುಹೋದ ಅಮ್ಮನನ್ನು ಕರೆಯುತ್ತಿದ್ದಳು, ಆದರೆ ಕುಡಿ ಎಂದರೆ, ಕುಡಿ ಎಂದು ನಾನೇ ಬಾಯಿಬಿಟ್ಟು ಹೇಳಿದರೆ — ಕುಡಿ, ಎಂದೆ, ನನ್ನ ದನಿಯೇನಾ ಅದು, ಇಷ್ಟು ಹೇಳೋಕೆ ಇಷ್ಟು ರಾಗನಾ ಮಾರಾಯ್ತಿ, ನಿನ್ನ ಮುಖ ನೋಡಿ ನಾನು ಹೆದರೇಬಿಟ್ಟೆ, ಎಂದು ಗಾಜಿನ ಲೋಟ ತುಂಬಿಸಿ ಕಿಟಕಿಯ ಬೆಳಕಿಗೆ ಹಿಡಿದಳು, ಏನೂ ಕಾಣಲ್ವಲ್ಲೇ, ತಲೆ ಹಿಂದಕ್ಕೆ ಬಾಗಿತು, ಗಂಟಲು ಏರಿತು, ಇಳಿಯಿತು, ತಡಿ ಅಕ್ಕಾ ಎನ್ನಬೇಕು, ಎಂದರೆ ಮುಂದೇನು, ಅವಳು ಇನ್ನೊಂದು ಲೋಟ ಬಗ್ಗಿಸಿಕೊಂಡಳು, ಗಂಟಲು ಏರಿತು, ಇಳಿಯಿತು, ಏರಿತು —