ಗುಂಡಿ ಬಚ್ಚಿಟ್ಟ ತೋಳುಗಳು

ಗಿರಾಕಿಯ ಮಗುವಿಗೆಂದು ಕತ್ತರಿಸಿಟ್ಟ ಅಂಗಿಯ ಎಡತೋಳು ಮತ್ತೆ ಕಾಣೆಯಾಗಿತ್ತು. ಅವಳು ಹೊಲಿಗೆ ಯಂತ್ರದ ಕೆಳಗೆ, ಚಿಂದಿಯ ಬುಟ್ಟಿಯಲ್ಲಿ, ಇಸ್ತ್ರಿ ಮೇಜಿನ ಹಿಂದೆ ಹುಡುಕಿದಳು. ಕಡೆಗೆ ಮಂಚದಡಿ ಬಗ್ಗಿದಾಗ ಎರಡು ಕಣ್ಣು ಹೊಳೆದವು.

ಕೋಟಿನ ಗುಂಡಿಯಂಥ ಕಣ್ಣುಗಳೆಂದೇ ನಾಯಿಗೆ ಗುಂಡಿ ಎಂದು ಹೆಸರಿಟ್ಟಿದ್ದಳು. ಅದು ಒಂದು ಮಗ್ಗುಲಿಗೆ ಒರಗಿ, ಹಿಂಗಾಲು ತುಸು ಎತ್ತಿ ಮಲಗಿತ್ತು. ಹೊಟ್ಟೆಗೆ ಆನಿಸಿದಂತೆ ಸಾಲಾಗಿ ಪುಟ್ಟ ತೋಳುಗಳು: ಹೂವಿನದು, ಗೆರೆಯದು, ಬಿಳಿಯದು. ಅಂಚು ಒದ್ದೆ. ಬೆರಳು ತಾಗಿಸಿದಳು. ಹಾಲು.

ಮೊನ್ನೆ ತಾನೇ ಗುಂಡಿಗೆ ಮರಿಯಾಗದ ಹಾಗೆ ಆಪರೇಷನ್ ಆಗಿತ್ತು. ಹೊಟ್ಟೆಯಲ್ಲಿ ಗರ್ಭಕೋಶವೇ ಇರಲಿಲ್ಲ.

"ಅದೇನೇ ನೋಡ್ತಾ ಕೂತಿದ್ದೀಯ, ಎಳಿ ಈಚೆ!" ಗಂಡ ಕೈಹಾಕಿ ಒಂದು ತೋಳು ಜಗ್ಗಿದ. ಗುಂಡಿ ಗುರ್ರೆನ್ನಲಿಲ್ಲ. ಸದ್ದಿಲ್ಲದೆ ತುಟಿ ಮೇಲೇರಿತು, ಹಲ್ಲು ಕಾಣಿಸಿದವು. ಕಣ್ಣು ಅವನ ಮೇಲಿರಲಿಲ್ಲ. ಅವನ ಭುಜದಾಚೆ, ಅವಳ ಮೇಲಿತ್ತು.

"ಆಪರೇಷನ್ ಮಾಡಿಸಿದ್ರೆ ಸಾಧು ಆಗುತ್ತೆ ಅಂದ್ರು. ಇದು ನೋಡಿದ್ರೆ ದೆವ್ವ ಮೆಟ್ಟಿದ ಹಾಗೆ ಆಡ್ತಿದೆ. ಗೋದಾಮಿನ ಕಾವಲುಗಾರನಿಗೆ ಬೇಕಂತೆ. ನಾಳೆ ಕೊಟ್ಟುಬಿಡ್ತೀನಿ."

"ಅವನು ಸರಪಳಿ ಬಿಚ್ಚೋದೇ ಇಲ್ಲ, ರೀ."

"ಬಿಚ್ಚದೇ ಇರ್ಲಿ. ನನ್ನ ಕೈಯೇನು ಬಿಟ್ಟಿ ಬಿದ್ದಿದ್ಯಾ?"

ಅವಳ ಗರ್ಭಕೋಶವನ್ನೂ ಹೋದ ವರ್ಷ ತೆಗೆದಿದ್ದರು. 'ಇನ್ನು ತಾಪತ್ರಯ ಇಲ್ಲ ಬಿಡು' ಎಂದಿದ್ದ ಗಂಡ. ಆದರೂ ಮಧ್ಯಾಹ್ನ ಯಂತ್ರ ನಿಲ್ಲಿಸಿದಾಗ, ಏನೂ ಇಲ್ಲದಲ್ಲಿ, ಏನೋ ಮೆಲ್ಲಗೆ ಹೊರಳುತ್ತಿತ್ತು. ಅವಳು ಯಾರಿಗೂ ಹೇಳಿರಲಿಲ್ಲ. ಹೆಂಗಸರ ಮೈಯ ಮಾತು ಗಂಡಸರ ಕಿವಿಗೆ ಬೀಳಬಾರದೆಂಬುದು ಅತ್ತೆ ಕಲಿಸಿಹೋದ ಪಾಠ. ಗುಂಡಿ ಬೆದೆಗೆ ಬಂದಾಗಲೂ ಅದಕ್ಕೊಂದು ಚಡ್ಡಿ ಹೊಲಿದು ತೊಡಿಸಿ, ನೆಲದ ಕಲೆ ಒರೆಸಿ ಮುಚ್ಚಿಟ್ಟಿದ್ದಳು. "ಸರ್ಕಸ್ಸಿಗೆ ಸೇರಿಸ್ತೀಯಾ?" ಎಂದು ಗಂಡ ನಕ್ಕಿದ್ದ, ಅಷ್ಟೆ. ಆಪರೇಷನ್ನಿಗೆ ಮೊದಲು ಡಾಕ್ಟರಮ್ಮ "ಇತ್ತೀಚೆಗೆ ಬೆದೆಗೆ ಬಂದಿತ್ತಾ?" ಎಂದಾಗ ಅವನು "ಇಲ್ಲ" ಎಂದ. ಅವಳು ನೆಲ ನೋಡಿದಳು.

ಬೆಳಿಗ್ಗೆ ಅವನು ನಾಯಿಯ ಹಗ್ಗ ಹಿಡಿದು ಹೊರಟಾಗ ಅವಳು ಅದನ್ನು ಕಸಿದುಕೊಂಡಳು. "ಮೊದಲು ಡಾಕ್ಟರ ಹತ್ರ. ಆಮೇಲೆ ಮಿಕ್ಕಿದ್ದು."

ಡಾಕ್ಟರಮ್ಮನ ಮೇಜಿನೆದುರು, ಗಂಡ ಪಕ್ಕದಲ್ಲಿರುವಾಗಲೇ, ಅವಳು ಅಂದಳು: "ಬೆದೆಗೆ ಬಂದಿತ್ತು. ಅದು ಮುಗಿದ ತಿಂಗಳಿಗೇ ಇಲ್ಲಿಗೆ ಕರ್ಕೊಂಡು ಬಂದ್ವಿ."

ಗಂಡನ ಕಿವಿ ಕೆಂಪಾಯಿತು. ಅವನು ಗೋಡೆಯ ಗಡಿಯಾರ ನೋಡಿದ.

"ಆವತ್ತೇ ಹೇಳ್ಬೇಕಿತ್ತಲ್ಲಮ್ಮ," ಎಂದರು ಡಾಕ್ಟರಮ್ಮ. "ಬೆದೆ ಮುಗಿದ್ಮೇಲೂ ಕೆಲವು ವಾರ ಮೈಯಲ್ಲಿ ಬಸುರಿನ ಹಾರ್ಮೋನು ಇರುತ್ತೆ. ಆಗ ಅಂಡಾಶಯ ತೆಗೆದ್ರೆ ಅದು ಥಟ್ಟಂತ ಇಳಿಯುತ್ತೆ, ಹೆರಿಗೆ ಹೊತ್ತಲ್ಲಿ ಇಳಿಯೋ ಹಾಗೆ. ಮೈ ತಾನು ಹೆತ್ತೆ ಅಂದ್ಕೊಳ್ಳುತ್ತೆ."

"ಮರಿ ಎಲ್ಲಿ ಅಂತ ಹುಡುಕುತ್ತಾ?" ಎಂದು ಕೇಳಿದಳು.

"ಹುಡುಕುತ್ತೆ. ಸಿಕ್ಕಿದ್ದನ್ನೇ ಮರಿ ಮಾಡ್ಕೊಳ್ಳುತ್ತೆ. ಮೊಲೆ ಮುಟ್ಬೇಡಿ, ನೆಕ್ಕೋಕೂ ಬಿಡ್ಬೇಡಿ. ಸಾಮಾನ್ಯವಾಗಿ ಹಾಲು ತಾನೇ ಬತ್ತುತ್ತೆ, ಬತ್ತದಿದ್ರೆ ಔಷಧಿ ಇದೆ." ಆಮೇಲೆ ಗಂಡನ ಕಡೆ ತಿರುಗಿದರು. "ಸ್ವಭಾವ ಕೆಟ್ಟಿಲ್ಲ ಸ್ವಾಮಿ. ಮರಿ ಕಿತ್ಕೊಂಡವರನ್ನ ಯಾವ ತಾಯಿ ಮುದ್ದು ಮಾಡುತ್ತೆ? ಅದು ಹೊರಗಿದ್ದಾಗ ಆ ಬಟ್ಟೆ ಎಲ್ಲ ತೆಗೆದುಬಿಡಿ."

ಮನೆಗೆ ಬಂದವನೇ ಗಂಡ "ಇರ್ಲಿ ಬಿಡು, ಕಾವಲುಗಾರನಿಗೆ ಬೇಡ ಅಂತೀನಿ" ಎಂದು ಗುಂಡಿಯನ್ನು ಅಂಗಳದಲ್ಲಿ ಕಟ್ಟಿದ.

ಅವಳು ಮಂಚದಡಿ ತೆವಳಿ ತೋಳುಗಳನ್ನು ಒಂದೊಂದಾಗಿ ಆಯ್ದಳು. ಮೂಲೆಯಲ್ಲಿ ಇನ್ನೊಂದು ಸಿಕ್ಕಿತು. ಹಳದಿಯದು. ಅದು ಯಾವ ಗಿರಾಕಿಯದೂ ಅಲ್ಲ. ಮದುವೆಯಾದ ಹೊಸತರಲ್ಲಿ, ಹುಟ್ಟದೇ ಹೋದ ಮಗುವಿಗೆಂದು ಅವಳೇ ಕತ್ತರಿಸಿ, ಕಬ್ಬಿಣದ ಪೆಟ್ಟಿಗೆಯ ತಳದಲ್ಲಿಟ್ಟದ್ದು.

ಪೆಟ್ಟಿಗೆಯ ಬೀಗ ಹಾಕಿದಂತೆಯೇ ಇತ್ತು. ಬೀಗದ ಕೈ ಅವಳ ಕೊರಳ ದಾರದಲ್ಲಿತ್ತು. ತೆರೆದಳು. ಮುಂಭಾಗ, ಬೆನ್ನು, ಬಲತೋಳು, ಎಲ್ಲ ಮಡಿಸಿಟ್ಟಂತೆಯೇ ಇದ್ದವು. ಎಡತೋಳು ಮಾತ್ರ ಅವಳ ಕೈಯಲ್ಲಿತ್ತು, ಈಗಷ್ಟೇ ಯಾರೋ ತೊಟ್ಟು ಬಿಚ್ಚಿದಷ್ಟು ಬೆಚ್ಚಗೆ. ಏನೂ ಇಲ್ಲದಲ್ಲಿ ಏನೋ ಹೊರಳಿತು. ಎದೆಯ ಮೇಲೆ ಬಟ್ಟೆ ಒದ್ದೆಯಾಯಿತು.

ಅಂಗಳದಲ್ಲಿ ಹಗ್ಗ ಕಳಚಿದ ಸದ್ದಾಯಿತು. ಗುಂಡಿ ಒಳಗೆ ಬಂತು. ಮಂಚದತ್ತ ತಿರುಗಿಯೂ ನೋಡಲಿಲ್ಲ. ಅವಳ ಹೊಟ್ಟೆ ಮೂಸಿ, ಅವಳ ಪಾದಗಳಿಗೆ ಅಡ್ಡಲಾಗಿ, ಬಾಗಿಲಿಗೆ ಮುಖ ಮಾಡಿ ಮಲಗಿತು.

"ಎಲ್ಲ ಸಿಕ್ತಾ? ಕೊಡಿಲ್ಲಿ, ಸುಟ್ಟುಬಿಡೋಣ," ಎಂದು ಗಂಡ ಹೊಸ್ತಿಲಲ್ಲಿ ಕೈ ಚಾಚಿದ.

ಗುಂಡಿ ಹಲ್ಲು ತೋರಿಸಲಿಲ್ಲ. ಅವಳ ತುಟಿ ತಾನಾಗಿ ಮೇಲೇರಿತ್ತು.

"ಅಲ್ಲೇ ನಿಲ್ಲಿ," ಎಂದಳು.