ಇಪ್ಪತ್ತೇಳನೇ ಕೋಣೆಯ ಪೆಟ್ಟಿಗೆ

ಗಂಡನ ಮಣ್ಣಿಗೆ ಬಂದಿದ್ದ ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗು. ಹಾಲಿನವನು ಬೆಲ್ ಒತ್ತಿದ, ನಲ್ಲಿಯಲ್ಲಿ ನೀರು ಬಂತು. ಏನೂ ಆಗಿಯೇ ಇಲ್ಲವೇನೋ ಎಂಬಂತೆ ಗಡಿಯಾರ ಏಳು ಹೊಡೆಯಿತು.

"ಆ ಹಳೇ ಕಂಪ್ಯೂಟರ್ ಮೇಲಿರೋ ಆಟದ ಡಬ್ಬಿ ರಿಪೇರಿ ಅಂಗಡಿಯವನದಲ್ವೇನೇ?" ಅತ್ತೆ ಕೇಳಿದರು. "ಕೊಟ್ಟು ಬಂದ್ಬಿಡು. ಇಸ್ಕೊಂಡೋನು ಕೊಡ್ಲೇ ಇಲ್ಲ ಅಂತ ನನ್ನ ಮಗ ಅನ್ನಿಸ್ಕೋಬಾರ್ದು."

ಅವಳು ಡಬ್ಬಿ ತೆರೆದಳು. ಗೋದಾಮಿನ ಹಮಾಲಿಯ ಆಟ. ಪೆಟ್ಟಿಗೆಗಳನ್ನು ತಳ್ಳಿ ಗುರುತಿನ ಮೇಲೆ ನಿಲ್ಲಿಸಬೇಕು. ತಳ್ಳಬಹುದು, ಎಳೆಯುವಂತಿಲ್ಲ, ಮೂಲೆ ಸೇರಿದ್ದು ಮೂಲೆಗೇ. ಮೂವತ್ತು ವರ್ಷದ ಹಿಂದೆ ಮಾರುಕಟ್ಟೆಗೆ ಬಂದಾಗ ಯಾರೂ ಮೂಸಿ ನೋಡಿರಲಿಲ್ಲ. ಎರವಲು ಒಯ್ದ ಆಟವನ್ನು ವಾಪಸು ತರುವವರು ಮುಚ್ಚಳದ ಒಳಗೆ ಒಂದು ಮಾತು ಬರೆಯಬೇಕೆಂಬುದು ಅಂಗಡಿಯ ಕಟ್ಟಳೆ. 'ನಿದ್ದೆ ಬಾರದವರಿಗೆ ಒಳ್ಳೆಯದು.' 'ಹಮಾಲಿಗೆ ರಜೆ ಕೊಡಿ.' 'ಗುಂಡಿಲ್ಲ, ಯಾರೂ ಸಾಯುವುದಿಲ್ಲ, ಇದೆಂಥ ಆಟ?'

ಫ್ಲಾಪಿ ಹಾಕಿದಳು. ಇಪ್ಪತ್ತೇಳನೇ ಕೋಣೆ. ಅವನು ಬಿಟ್ಟುಹೋದಲ್ಲೇ ಹಮಾಲಿ ನಿಂತಿದ್ದ. ಎಡಮೂಲೆಯಲ್ಲಿ ಒಂದು ಪೆಟ್ಟಿಗೆ ಸಿಕ್ಕಿಬಿದ್ದಿತ್ತು. ಹನ್ನೊಂದು ದಿನ ಗಂಡ ಅದರ ಮುಂದೆ ಕೂತಿದ್ದ.

"ಅದು ಬರಲ್ಲ ಕಣ್ರೀ, ಮೊದಲಿಂದ ಆಡಿ" ಎಂದಿದ್ದಳು.

"ಮೊದಲಿಂದ ಆಡೋದು ಸೋತೋರು. ನೀ ನೋಡ್ತಿರು."

ಫ್ಲಾಪಿಯಲ್ಲಿ ಒಬ್ಬರ ಆಟ ಮಾತ್ರ ಉಳಿಯುತ್ತದೆ. ಇನ್ನೊಬ್ಬರು ಆಡಿ ಉಳಿಸಿದರೆ ಅವನದು ಅಳಿಸಿಹೋಗುತ್ತದೆ. ಫ್ಲಾಪಿಯ ಮೂಲೆಯ ಪುಟ್ಟ ಕರಿ ತುಂಡನ್ನು ಸರಿಸಿಬಿಟ್ಟರೆ ಆಮೇಲೆ ಅದರಲ್ಲಿ ಏನನ್ನೂ ಬರೆಯಲಾಗದು. ಫ್ಲಾಪಿ ಹೊರತೆಗೆದು ಅದನ್ನು ಉಗುರಿನಿಂದ ಸರಿಸಿದಳು.

ಅಂಗಡಿಯಲ್ಲಿ ಬೆಸುಗೆಯ ಹೊಗೆ. ರಿಪೇರಿಯವನು ಫ್ಲಾಪಿಯನ್ನು ಬೆಳಕಿಗೆ ಹಿಡಿದ.

"ಬೀಗ ಹಾಕಿದ್ದೀರಲ್ಲ, ತಾಯಿ?"

"ಒಳಗೆ ಅವರ ಆಟ ಇದೆ."

ಅವನು ಫ್ಲಾಪಿಯನ್ನು ಕೆಳಗಿಳಿಸಿದ.

"ಇರ್ಲಿ ಬಿಡಿ. ಟೈಲರಮ್ಮನಿಗೆ ಏನೋ ಒಂದು ಹೇಳ್ತೀನಿ. ಒಂದು ತಿಂಗಳಿಂದ ನನ್ನ ಜೀವ ತಿಂತಿದ್ದಾಳೆ."

"ಈ ಆಟಕ್ಕಾ?"

"ಇದಕ್ಕೇ! ಎಂಟು ವರ್ಷ ಧೂಳು ತಿಂತಿದ್ದ ಡಬ್ಬಿ. ಪ್ಯಾಂಟು ಉದ್ದ ಮಾಡಿಸೋಕೆ ಹೋದ ನಿಮ್ಮ ಯಜಮಾನ್ರು ಹಮಾಲಿ ಪುರಾಣ ಬಿಚ್ಚಿ ಆಕೆಗೆ ಹುಚ್ಚು ಹಿಡಿಸಿದ್ದಾರೆ. ಆ ಪ್ಯಾಂಟು ಗಿಡ್ಡ ಆಗಿದ್ದೇ ಆಕೆ ಕಥೆ ಕೇಳ್ತಾ ಅಳತೆ ತಪ್ಪಿದ್ದರಿಂದಂತೆ!"

ಗಿಡ್ಡ ಪ್ಯಾಂಟು ಅವಳಿಗೆ ಗೊತ್ತಿತ್ತು. ಗಂಡ ಅದನ್ನೇ ಹಾಕಿಕೊಂಡು ಓಡಾಡಿದ್ದ. ತುಟಿ ಒಂದಿಷ್ಟು ಅಲುಗಿತು. ಪೆನ್ನು ಕೇಳಿ ಇಸಿದುಕೊಂಡು ಮುಚ್ಚಳದೊಳಗೆ ಬರೆದಳು:

'ಎಡಮೂಲೆಯ ಪೆಟ್ಟಿಗೆ ಬರುವುದಿಲ್ಲ. ಮೊದಲಿಂದ ಆಡಿ.'

ಆಮೇಲೆ ಫ್ಲಾಪಿಗಾಗಿ ಕೈ ಚಾಚಿದಳು. ಕರಿ ತುಂಡನ್ನು ಉಗುರಿನಿಂದ ಹಿಂದಕ್ಕೆ ಸರಿಸಿ ರಿಪೇರಿಯವನ ಕೈಗಿತ್ತಳು.